ಮೂರನೆಯ ಕೂಗು

ಶೆಟ್ಟಿಹಳ್ಳಿಯ ಸೊಣ್ಣಮ್ಮಜ್ಜಿಯ ಬಾಗಿಲ ಮೇಲಿನ 'ನಾಳೆ ಬಾ' ಮಾಸಿದಾಗಲೆಲ್ಲ ಸೀಮೆಸುಣ್ಣ ಹಿಡಿದು ತಿದ್ದುವುದು ಮೊಮ್ಮಗಳು ಶಿಲ್ಪಳ ಕೆಲಸ. ಮನೆಯವರ ದನಿಯಲ್ಲೇ ಕೂಗುವ ದೆವ್ವ ಅದನ್ನೋದಿ ಹಿಂದಿರುಗುತ್ತದಂತೆ. ಓದು ಬಾರದ ದೆವ್ವವಾದರೆ? ಅಜ್ಜಿಯ ಬಳಿ ಅದಕ್ಕೂ ಉಪಾಯವಿತ್ತು: ಮೂರು ಸಲ ಕೂಗುವವರೆಗೆ ಓಗೊಡಬಾರದು, ಆಮೇಲೂ ಮನೆಯವರಿಗಷ್ಟೇ ಗೊತ್ತಿರುವ ಗುಟ್ಟೊಂದನ್ನು ಕೇಳಿಯೇ ಅಗುಳಿ ತೆಗೆಯಬೇಕು.

ಆ ಕಥೆ, ಅಜ್ಜಿ ಕರೆಯುವ 'ಅಮ್ಮಣ್ಣಿ', ಎರಡೂ ಇಪ್ಪತ್ತು ವರ್ಷ ಶಿಲ್ಪಳೊಬ್ಬಳವೇ ಆಗಿದ್ದವು. ೨೦೧೨ರ ಒಂದು ಭಾನುವಾರ, ಗದಗಿನಿಂದ ಬಂದು ಯಲಹಂಕದ ಹಾಸ್ಟೆಲಿನಲ್ಲಿದ್ದ ಸಹಪಾಠಿ ಕೀರ್ತಿಯನ್ನು ಊಟಕ್ಕೆ ಕರೆತಂದಳು ನೋಡಿ, ಅಲ್ಲಿಂದ ಕೆಟ್ಟಿತು.

"ಇನ್ನೊಂಚೂರು ಉಪ್ಸಾರು ಆಕ್ಕಳಮ್ಮಣ್ಣಿ," ಎಂದು ಅಜ್ಜಿ ಸುರಿದದ್ದು ಕೀರ್ತಿಯ ತಟ್ಟೆಗೆ. ಬಾಗಿಲ ಬರಹದ ಕಥೆ ಹೇಳಿದ್ದೂ ಅವಳಿಗೇ.

ಮುಂದಿನ ವಾರ ಕಾಲೇಜಿನ ಸೆಮಿನಾರಿನಲ್ಲಿ ಕೀರ್ತಿ ಬೋರ್ಡಿನ ಮೇಲೊಂದು ಬಾಗಿಲು ಬರೆದಳು. "ಸರ್ವರ್ ಅಂದ್ರ ಈ ಮನಿ. ಹೆಸರು ಹೇಳಿದ ಕೂಡ್ಲೆ ಬಾಗಿಲಾ ತಗೀಬಾರ್ದು, ಗುಟ್ಟು ಕೇಳಬೇಕು. ಅದ ಪಾಸ್‌ವರ್ಡ್. ಈ ಕಥಿ ಶಿಲ್ಪಾನ ಅಜ್ಜೀದು."

ಚಪ್ಪಾಳೆಯೋ ಚಪ್ಪಾಳೆ. ರಾಧಾಮಣಿ ಮೇಡಂ ಅಂತರಕಾಲೇಜು ಸ್ಪರ್ಧೆಗೆ ಅವಳನ್ನೇ ಆರಿಸಿದರು. ಶಿಲ್ಪಳ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಯಿತು. ಕಥೆ ಕೇಳಿ ಬೆಳೆದವಳು ನಾನು, ನನಗೇಕೆ ಹೊಳೆಯಲಿಲ್ಲ?

ಸ್ಪರ್ಧೆಯ ಹಿಂದಿನ ಮಧ್ಯಾಹ್ನ ಅವಳು ಲ್ಯಾಬಿನಲ್ಲಿ ಕೂತು ಮೇಡಂ ಹೆಸರಿನಲ್ಲೊಂದು ಕಳ್ಳ ಮೇಲ್ ಐಡಿ ಮಾಡಿದಳು. ಪಾಸ್‌ವರ್ಡ್ ಸಿಕ್ಕರೆ ಕೀರ್ತಿ ಸ್ಪರ್ಧೆಗೆಂದು ಮಾಡಿಟ್ಟಿದ್ದ ಡೆಮೊ ಅಳಿಸಬಹುದು. ಆಗ ಕಳಿಸಲು ಉಳಿಯುವವಳು ತಾನೇ. ಅಕ್ಕರೆ ಕಾಣಲೆಂದು ತನಗೆ ಗೊತ್ತಿದ್ದ ಒಂದೇ ಅಕ್ಕರೆಯ ಮಾತನ್ನು ಹಾಕಿದಳು: "ಅಮ್ಮಣ್ಣಿ, ನಿನ್ನ ಡೆಮೊ ನೋಡಬೇಕು, ಪಾಸ್‌ವರ್ಡ್ ಕಳಿಸು."

ಉತ್ತರವಿಲ್ಲ. ಮತ್ತೆ ಕಳಿಸಿದಳು. ಇಲ್ಲ. ಮೂರನೆಯದಕ್ಕೆ ಬಂತು: "ನಾಳೆ ಬಾ."

ಎದುರು ಸಾಲಿನಲ್ಲಿ ಕುರ್ಚಿ ತಿರುಗಿತು.

"ಮೇಡಂ ನನ್ನ ರೋಲ್ ನಂಬರ್ ಹಿಡದು ಕರೀತಾರ ಲೇ," ಎಂದಳು ಕೀರ್ತಿ. "ಅಮ್ಮಣ್ಣಿ ಅನ್ನೋದು ನಿಮ್ಮ ಮನಿ ಮಾತು."

ಶಿಲ್ಪ ಮಾನಿಟರ್ ಆರಿಸಿದಳು. "ಹೋಗಿ ಹೇಳು ಮೇಡಂಗೆ. ನಿಂಗೆ ಎಲ್ಲಾ ಸಿಕ್ತಲ್ಲ. ನಮ್ಮಜ್ಜೀನೂ ಸಿಕ್ಕಾಯ್ತು."

"ಹೇಳಂಗಿಲ್ಲ. ನಮ್ಮ ಮನ್ಯಾಗ ಕಥಿ ಹೇಳೋರ ಇಲ್ಲ. ನಿನ್ನ ನೋಡಿ ನನಗೂ ಹೊಟ್ಟಿ ಉರೀತಿತ್ತು. ಆದ್ರೂ ಆ ಕಥೀನ ನಿನ್ನ ಕೇಳಿ ತಗೋಬೇಕಿತ್ತು ನಾ."

ಸಂಜೆ ಶಿಲ್ಪ ಮನೆಯ ಮುಂದೆ ನಿಂತು ಕೂಗಿದಳು. ಮೂರನೆಯ ಕೂಗಿಗೆ ಒಳಗಿನಿಂದ ದನಿ ಬಂತು, "ಯಾರು?"

"ಅಮ್ಮಣ್ಣಿ."

ಅಗುಳಿ ಸರಿಯಿತು. ಅಜ್ಜಿ ಅವಳ ಹಿಂದೆ ಇಣುಕಿ ನೋಡಿದಳು. "ನೀನೊಬ್ಳೇನಾ? ಆ ಇನ್ನೊಬ್ಳು ಅಮ್ಮಣ್ಣಿ ಬರ್ನಿಲ್ವಾ?"

ಮೆಣಸಿನಕಾಯಿ ಇನ್ನೂ ಉರಿಯುತ್ತಲೇ ಇತ್ತು. ಶಿಲ್ಪ ಚಪ್ಪಲಿ ಬಿಟ್ಟಳು.

"ನಾಳೆ ಬರ್ತಾಳೆ ಕಣಜ್ಜಿ. ಸ್ಪರ್ಧೆ ಮುಗಿಸ್ಕೊಂಡು."