ತಡೆದು ಆಡುವ ಮಾತು

ನನ್ನ ತಮ್ಮನಿಗೆ ಉಗ್ಗು. ಅವನು ‘ನೀ’ ಎಂದು ಸಿಕ್ಕಿಹಾಕಿಕೊಂಡರೆ ಸಾಕು, ಅಮ್ಮ ನೀರಿನ ಲೋಟ ತಂದಿಡುತ್ತಾಳೆ. ಅವನು ಹೇಳಹೊರಟಿದ್ದು ‘ನೀನು ಊಟ ಮಾಡಿದೆಯಾ’ ಎಂದಿರಬಹುದು, ಯಾರಿಗೆ ಬೇಕು. ಅವನು ನೀರು ಕುಡಿದು ಸುಮ್ಮನಾಗುತ್ತಾನೆ.

ನಾನು ಧಾರಾವಾಹಿಯೊಂದಕ್ಕೆ ಬಟ್ಟೆ ಹೊಲಿಯುವವಳು. ಬೇರೆ ಲೋಕದಿಂದ ಇಳಿದು ಬಂದ ಮೂರು ಕಣ್ಣಿನವರ ಕಥೆ ಅದು. ರಬ್ಬರಿನ ಮುಖವಾಡ, ಬೂದು ನಿಲುವಂಗಿ ಎಲ್ಲ ಸಿದ್ಧ. ಪಾಪ, ಆಡಲು ಭಾಷೆಯೇ ಇಲ್ಲ. ನಿರ್ದೇಶಕ ತಲೆ ಕೆರೆದುಕೊಂಡು ಕೂತಿದ್ದಾಗ ನಾನು ತಮ್ಮನನ್ನು ಕರೆದೊಯ್ದು ನಿಲ್ಲಿಸಿದೆ. ಚಿಕ್ಕಂದಿನಿಂದಲೂ ತನ್ನಷ್ಟಕ್ಕೆ ಪದ ಕಟ್ಟಿಕೊಂಡು ಗೊಣಗುವವನು ಅವನು.

ಅವನು ಕಟ್ಟಿಕೊಟ್ಟ ಭಾಷೆಗೆ ಒಂದು ಮರ್ಯಾದೆ ಇತ್ತು. ಮೂರು ಕಣ್ಣಿನವರು ದೊಡ್ಡವರೆದುರು ದಡಬಡ ಮಾತಾಡುವುದಿಲ್ಲ. ಮೊದಲ ಅಕ್ಷರವನ್ನು ಎರಡು ಮೂರು ಸಲ ಆಡಿ, ತಡೆದು, ಕೇಳುವವರು ತಲೆಯಾಡಿಸಿದ ಮೇಲೆಯೇ ಮುಂದಕ್ಕೆ. ‘ತು-ತು-ತುಮ್ರಾ’ ಎಂದರೆ ಅಮ್ಮ. ಒಂದೇ ಉಸಿರಿಗೆ ಅಂದುಬಿಟ್ಟರೆ ಉಡಾಫೆ.

ಅರಳು ಹುರಿದಂತೆ ಮಾತಾಡುವ ಹೀರೊ ನನ್ನ ತಮ್ಮನ ಮುಂದೆ ಕೂತು ಉಗ್ಗಲು ಕಲಿತ. “ಬೇ-ಬೇಗ ಆಯ್ತು ಸರ್. ಇ-ಇನ್ನೂ ತಡೀಬೇಕು,” ಎಂದು ಇವನು ತಿದ್ದುತ್ತಿದ್ದ. ಮೂರು ಕಣ್ಣಿನವರ ಹಿರಿಯನ ಪಾತ್ರ ಇವನಿಗೇ ಸಿಕ್ಕಿತು. ಮುಖವಾಡ ಹಾಕಿಕೊಂಡು ಪುಟಗಟ್ಟಲೆ ಮಾತಾಡಿದ. ಅವನ ಮಾತನ್ನು ಅವನ ಬದಲು ಮುಗಿಸಲು ಅಲ್ಲಿ ಯಾರಿಗೂ ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಹೊಲಿಗೆ ಕೋಣೆಗೆ ಬಂದು, “ಅಕ್ಕ, ಇ-ಇಲ್ಲಿ ಎಲ್ರೂ ಕಾ-ಕಾಯ್ತಾರೆ,” ಎಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಸೂಜಿಗೆ ದಾರ ಪೋಣಿಸಲು ಕಣ್ಣೇ ಕಾಣಲಿಲ್ಲ.

ಧಾರಾವಾಹಿ ಶುರುವಾಗಿ ತಿಂಗಳಾಗಿರಬೇಕು, ನಿರ್ದೇಶಕ ಬಂದು ಬಾಗಿಲಲ್ಲೇ ನಿಂತ.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ಆ ಭಾಷೆ ಬೇಡ ಅಂತ ಮೇಲಿನವರು ಹೇಳ್ಬಿಟ್ರು. ಪರದೆ ಕೆಳಗೆ ಬರೋ ಅಕ್ಷರ ಯಾರು ಓದ್ತಾರೆ, ನಮ್ಮ ಭಾಷೇಲೇ ಮಾತಾಡ್ಸಿ ಅಂತ ನೋಡೋರಿಂದ ದಿನಾ ಫೋನ್ ಅಂತೆ. ಡಬ್ಬಿಂಗಿಗೆ ಬೇರೆಯವರು ಬರ್ತಾರೆ. ನಿಮ್ಮ ತಮ್ಮ ಸುಮ್ನೆ ಬಾಯಾಡಿಸಿದ್ರೆ ಸಾಕು.”

“ಬಾಯಾಡಿಸೋಕಾದ್ರೆ ಒಂದು ಎಮ್ಮೆ ತಂದು ಕಟ್ಕೊಳ್ಳಿ,” ಎಂದೆ.

ಅವನು ನಕ್ಕುಬಿಟ್ಟ. ನನಗೆ ಮೈಯೆಲ್ಲ ಉರಿಯಿತು.

ಹೊಸ ದನಿಯ ಕಂತು ಬಂದ ಸಂಜೆ ಮೂವರೂ ಟಿವಿ ಮುಂದೆ ಕೂತಿದ್ದೆವು. ತಮ್ಮನ ಮುಖವಾಡದೊಳಗಿಂದ ಯಾರದೋ ಗಟ್ಟಿ ಕಂಠ ಗಡಗಡನೆ ಉರುಳಿತು. ಅಮ್ಮನ ಮುಖ ಅರಳಿತು.

“ಅಬ್ಬ, ಈಗ ಕೇಳೋ ಹಾಗಾಯ್ತು. ಫೋನ್ ಮಾಡಿದ್ದು ಸಾರ್ಥಕ.”

“ಯಾರು ಮಾಡಿದ್ದು?”

“ನಾನೇ. ಪಕ್ಕದ ಮನೆಯವಳು, ಮಹಡಿಯವಳು, ನಿಮ್ಮ ಚಿಕ್ಕಮ್ಮ, ಎಲ್ರ ಕೈಲೂ ಮಾಡಿಸ್ದೆ. ನನ್ನ ಮಗ ಉಗ್ಗೋದನ್ನ ಲೋಕವೆಲ್ಲ ಕೂತು ನೋಡ್ಬೇಕಾ? ಹೆತ್ತ ಹೊಟ್ಟೆ ಕಣೇ, ಉರಿಯಲ್ವಾ?”

“ಅದು ಉಗ್ಗಲ್ಲಮ್ಮ. ಅವನೇ ಕಟ್ಟಿದ ಭಾಷೆ.”

“ನನಗೇನು ಕಿವಿ ಇಲ್ವಾ? ನಿನಗೆ ಭಾಷೆ, ನನಗೆ ಉಗ್ಗೇ.”

ತಮ್ಮ ಏನೋ ಹೇಳಲು ಬಾಯಿ ತೆರೆದ. ತುಟಿ ನಡುಗಿತು, ಕತ್ತಿನ ನರ ಉಬ್ಬಿತು. ಮಾತು ಹೊರಬೀಳುವ ಮೊದಲೇ ಅಮ್ಮ ಅವನ ಕೈ ತಟ್ಟಿ, “ಇರ್ಲಿ ಬಿಡಪ್ಪ, ತಾಯಿಗೆಲ್ಲ ಥ್ಯಾಂಕ್ಸ್ ಹೇಳ್ತಾರಾ?” ಎಂದಳು. ಅವನು ಬಾಯಿ ಮುಚ್ಚಿದ.

ಮರುದಿನ ಮುಖವಾಡ ತಂದು ನನ್ನ ಮೇಜಿನ ಮೇಲಿಟ್ಟು ಹೋದ. ಈಗ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ. ಅಲ್ಲಿ ಮಾತಿನ ಪ್ರಮೇಯವೇ ಇಲ್ಲ. ಮನೆಯಲ್ಲೂ ತುಟಿ ಬಿಚ್ಚುವುದಿಲ್ಲ, ನನ್ನ ಹತ್ತಿರವೂ. ಅವನ ಅಳತೆಗೆ ಹೊಲಿದಿದ್ದ ನಿಲುವಂಗಿಯನ್ನು ನಾನೇ ಹೊಲಿಗೆ ಬಿಚ್ಚಿ ಇನ್ನೊಬ್ಬನಿಗೆ ಸರಿ ಮಾಡಿಕೊಟ್ಟೆ.

ಮುಖವಾಡದೊಳಗೆ ಈಗ ಇನ್ನೊಬ್ಬನಿದ್ದಾನೆ ಎಂದು ಅಮ್ಮನಿಗೆ ಗೊತ್ತಿಲ್ಲ. ಸಂಜೆಯಾದರೆ ಪಕ್ಕದ ಮನೆಯವಳನ್ನು ಕರೆದು ಕೂರಿಸಿಕೊಂಡು, “ನೋಡು, ನನ್ನ ಮಗ ಎಷ್ಟು ಚೆನ್ನಾಗಿ ಮಾತಾಡ್ತಾನೆ,” ಎಂದು ಟಿವಿ ತೋರಿಸುತ್ತಾಳೆ. ನಾನೂ ಹೇಳಿಲ್ಲ. ಫೋನ್ ಮಾಡಿ ತರಿಸಿಕೊಂಡ ಮಗ ತಾನೇ, ನೋಡಿಕೊಂಡಿರಲಿ.