ಮೂರನೇ ಮೆಟ್ಟಿಲ ಕೆಳಗಿನ ಚೂರು

"ಹೋದ ಭಾನುವಾರನೂ ಈ ಚೂರು ಇದೇ ಮೆಟ್ಟಿಲ ಕೆಳಗೇ ಸಿಕ್ಕಿತ್ತಲ್ಲಪ್ಪಾ?"

ಕೇಳಿದವರು ನೋಡಲು ಬಂದ ಗುಂಪಿನಲ್ಲಿ ಕೊಡೆ ಹಿಡಿದು ನಿಂತ ಅಜ್ಜಿ. ಹಳೇ ಕೋಟೆಯನ್ನು ಸುತ್ತಿ ತೋರಿಸುವ ಗೈಡ್ ಅವರನ್ನು ದಿಟ್ಟಿಸಿದ. ಒಂದೇ ನಡಿಗೆಗೆ ಎರಡು ವಾರ ಬರುವವರು ಯಾರಿದ್ದಾರೆ? ಹೋದ ವಾರ ಈಕೆ ಗೋಡೆಗಿಂತ ಅವನ ಕೈಯನ್ನೇ ಹೆಚ್ಚು ನೋಡಿದ್ದರು. ಪುರಾತತ್ವ ಇಲಾಖೆಯವರೇ ಕಳಿಸಿರಬೇಕು. ತೋರಿಸಿ ಮಾತಾಡಲೆಂದು ಅವರು ಕೊಟ್ಟ ಪೆಟ್ಟಿಗೆಯಿಂದ ಒಂದು ಮಡಕೆಚೂರನ್ನು ಮೊದಲೇ ಮಣ್ಣಲ್ಲಿ ಹುದುಗಿಸಿ, ಬಂದವರ ಕೈಯಲ್ಲೇ ಪತ್ತೆ ಮಾಡಿಸುವುದು ಅವನ ರೂಢಿ. ಅದು ಗೊತ್ತಾದರೆ ಲೈಸೆನ್ಸು ಹೋದ ಹಾಗೇ.

"ಇಂಥವು ಇಲ್ಲಿ ಬೇಕಾದಷ್ಟಿವೆ ಅಜ್ಜಿ."

"ಹೌದಾ? ನೀನು ಹೇಳಿದ ಆ ಎರಡು ಸಾವಿರ ವರ್ಷದ ಹಿಂದೆ ಕುಂಬಾರರು ಮಸಿಯಲ್ಲಿ ನಂಬರೂ ಬರೀತಿದ್ರಾ?" ಅಜ್ಜಿ ಚೂರನ್ನು ಮಗುಚಿ ಹಿಡಿದರು.

ಪ್ರತಿವಾರ ಆ ನಂಬರಿನ ಮೇಲೆ ಅವನು ಕೆಸರು ಮೆತ್ತುತ್ತಿದ್ದ. ಇವತ್ತು ಅವಸರದಲ್ಲಿ ಮರೆತಿದ್ದ.

"ನಿಮ್ಮನ್ನ ಆಫೀಸಿನವರು ಕಳಿಸಿದ್ರಾ?" ಎಂದು ಮೆಲ್ಲಗೆ ಕೇಳಿದ.

"ಯಾರೂ ಕಳಿಸಿಲ್ಲ ಕಣಪ್ಪಾ. ನಲವತ್ತು ವರ್ಷದ ಹಿಂದೆ ಇಲ್ಲಿ ಅಗೆದಾಗ ಚೂರು ತೊಳೆದು ನಂಬರ್ ಬರೆದವಳು ನಾನು. ಏಳರ ಅಂಕಿಗೆ ಹೀಗೆ ಬಾಲ ಎಳೆಯೋದು ನಂದೇ ಕೈ. ಈ ನಂಬರಿನದು ಸಿಕ್ಕಿದ್ದು ಬಾವಿ ಹತ್ರ, ಇಲ್ಲಲ್ಲ. ಇವರಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

ಗೈಡ್ ಗುಂಪಿನ ಕಡೆ ತಿರುಗಿ, ಚೂರನ್ನು ಹೂತಿಟ್ಟವನು ತಾನೇ ಎಂದು ಹೇಳಿದ. ಅಜ್ಜಿ ಕೊಡೆ ಮಡಚಿ ಬಾವಿಯ ಕಡೆ ಹೊರಟರು. ಗುಂಪು ಅವರ ಹಿಂದೆ ಹೋಯಿತು, ಎಲ್ಲರಿಗಿಂತ ಕೊನೆಗೆ ಪೆಟ್ಟಿಗೆ ಹೊತ್ತ ಗೈಡ್.