ಮಲ್ಲಪ್ಪನನ್ನು ಕೂಡಿಸಿದ ದಿನ

“ಕೊರಳು ವಾಲಾಕತ್ತೈತಿ. ಇನ್ನೊಂದು ಅರಿವಿ ತರ್ರಿ,” ಎಂದು ಮಾಣಿಕಪ್ಪ ಸತ್ತ ಅಣ್ಣನ ತಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದ. ಸನತ್‌ನಗರದ ಎರಡು ಕೋಣೆಯ ಮನೆಯಲ್ಲಿ ಮಲ್ಲಪ್ಪನನ್ನು ಕುರ್ಚಿಗೆ ಕೂಡಿಸಿ ಕಟ್ಟುತ್ತಿದ್ದರು. ಲಿಂಗಾಯತರ ಪದ್ಧತಿ, ಸತ್ತವರನ್ನು ಕೂತಂತೆಯೇ ಕುಣಿಗೆ ಇಳಿಸುತ್ತಾರೆ.

ಮಲ್ಲಪ್ಪನ ಹೆಂಡತಿ ವಿಶಾಲಾಕ್ಷಿ ಅರಿವೆ ತಂದಳು.

“ಹುಗಿಯೂದು ಬ್ಯಾಡೋ ಮಾಣಿಕಪ್ಪ. ನಿಮ್ಮಣ್ಣಾರು ಸುಡ್ರಿ ಅಂತ ಹೇಳಿ ಹೋಗ್ಯಾರ.”

“ಏನ್ ಮಾತಾಡ್ತೀರಿ ವೈನಿ? ನಮ್ಮೊಳಗ ಯಾರನ್ನರ ಸುಟ್ಟಾರೇನು? ಕ್ರಿಯಾ ಮಾಡಸಾಕ ಅಯ್ಯನವರು ಬಂದು ಕುಂತಾರ. ಮಂದಿ ಏನಂದಾರು?”

ಮಂದಿಯಂತೆ ಮಂದಿ! ಗಂಡ ಆರು ತಿಂಗಳು ಹಾಸಿಗೆ ಹಿಡಿದಾಗ ಒಬ್ಬರೂ ಇಣುಕಿರಲಿಲ್ಲ. ಆದರೂ ಅವರೆಲ್ಲ ತಿರುಗಿ ನೋಡಿದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. “ಸುಮ್ಮನಿರವ್ವಾ,” ಎಂದು ಮಗಳು ವರ್ಷಾ ಸೆರಗು ಜಗ್ಗಿದಳು. ಅವಳು ಅರಿವೆಯನ್ನು ಮೈದುನನ ಕೈಗೆ ಕೊಟ್ಟಳು.

* * *

ಮಲ್ಲಪ್ಪ ಮೂವತ್ತು ವರ್ಷ ಮ್ಯೂಸಿಯಮ್ಮಿನಲ್ಲಿ ಪಹರೆ ಮಾಡಿದವನು. ನಿವೃತ್ತಿಯಾಗುವ ವರ್ಷ ಅಲ್ಲಿ ಪೆರು ದೇಶದ ಇಂಕಾ ಜನರ ಕಲ್ಲುಕೋಟೆ, ಗೋರಿಗಳ ಫೋಟೊ ಪ್ರದರ್ಶನ ನಡೆಯಿತು. ಒಂದು ಫೋಟೊದಲ್ಲಿ ಐನೂರು ವರ್ಷ ಹಳೆಯ ಹೆಣ. ಮೊಣಕಾಲು ಮಡಚಿ, ಹೊದಿಕೆ ಸುತ್ತಿ ಕೂಡಿಸಿದ್ದನ್ನು ಅಗೆದು ತೆಗೆದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಒಂದು ತಿಂಗಳು ಆ ಫೋಟೊದ ಪಕ್ಕ ನಿಂತ ಮಲ್ಲಪ್ಪ, ಒಂದು ಸಂಜೆ ರೊಟ್ಟಿ ಮುಟ್ಟಲಿಲ್ಲ.

“ನಮ್ಮಂಗs ಕುಂತಾನ, ವಿಶಾಲಾ. ಯಾರೋ ಅತ್ತು ಕರದು ಕೂಡಿಸಿರಬೇಕು. ಈಗ ಅವನ ಹಲ್ಲು ನೋಡಿ ನಗತಾರ, ಸೆಲ್ಫಿ ತಕ್ಕೋತಾರ. ನಾನs ಟಿಕೀಟು ಹರದು ಒಳಗ ಬಿಡತೀನಿ. ನನಗ ಭಾಳ ಅಂಜಿಕಿ ಆಗೇತಿ. ನನ್ನ ಕೂಡಿಸಬ್ಯಾಡ. ಸುಟ್ಟು ಬೂದಿ ಮಾಡು, ಯಾರ ಕೈಗೂ ಸಿಗಬಾರದು.”

ಅವಳಿಗೆ ನಗು ಬಂದಿತ್ತು. ಅವನ ಮುಖ ನೋಡಿ ನಗು ನುಂಗಿಕೊಂಡು, ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು.

* * *

ಸ್ಮಶಾನದಲ್ಲಿ ಕುಣಿ ಸಿದ್ಧವಾಗಿತ್ತು. ಬದಿಯಲ್ಲಿ ಹಳೆಯ ಎಲುಬುಗಳ ಸಣ್ಣ ಗುಪ್ಪೆ. ಯಾರವು ಎಂದು ವಿಶಾಲಾಕ್ಷಿ ಕೇಳಿದ್ದಕ್ಕೆ ಕುಣಿ ಅಗೆದವನು ತೆಲುಗಿನಲ್ಲಿ, “ಎವರಿವೋ ಏಮೋ ಅಮ್ಮಾ,” ಎಂದು ಸಲಿಕೆ ಒರೆಸಿಕೊಂಡ. ಯಾರವೋ ಏನೋ!

ಕುರ್ಚಿ ಹೊತ್ತವರು ಹತ್ತಿರ ಬಂದೇಬಿಟ್ಟಿದ್ದರು. ಅವಳಿಗೆ ಮಂದಿಯ ಅಂಜಿಕೆಯೂ ಇತ್ತು, ಕುಣಿಯ ಅಂಜಿಕೆಯೂ ಇತ್ತು. ಆದರೂ ಕುಣಿಯೊಳಗಿನ ಮಣ್ಣಿನ ಮೆಟ್ಟಿಲುಗಳ ಮೇಲೆ ಕೂತು ಕೂತು ಇಳಿದು, ಗಂಡನನ್ನು ಕೂಡಿಸಲು ಅದರ ಗೋಡೆಯಲ್ಲಿ ಕೊರೆದಿದ್ದ ಗೂಡಿನೊಳಗೆ ಕುಳಿತುಬಿಟ್ಟಳು.

“ಅಯ್ಯೋ ಶಿವನs! ವೈನಿ, ಮ್ಯಾಲ ಬರ್ರಿ!” ಮಾಣಿಕಪ್ಪ ಕೂಗಿದ.

“ಸುಡತೀನಿ ಅನ್ನು, ಬರತೀನಿ.”

“ಮಣ್ಣು ಕುಸೀತೈತ್ರಿ!”

“ಕುಸೀಲಿ.”

ಮಾಣಿಕಪ್ಪ ಅಯ್ಯನವರನ್ನು ನೋಡಿದ. ಅವರು ಆಚೆ ಮುಖ ಮಾಡಿದರು. ಒಂದು ಹಿಡಿ ಮಣ್ಣು ವಿಶಾಲಾಕ್ಷಿಯ ತಲೆಯ ಮೇಲೆ ಉದುರಿತು. ಕಣ್ಣು ಮುಚ್ಚಿಕೊಂಡಳು, ಏಳಲಿಲ್ಲ.

“ಕಟ್ಟಿಗಿ ಎಲ್ಲಿ ಸಿಗತಾವು ಕಾಕಾ?” ಮೇಲೆ ವರ್ಷಾಳ ದನಿ.

ಆಮೇಲೆ ಕುರ್ಚಿ ಹೊತ್ತವರ ಹೆಜ್ಜೆಗಳ ಸದ್ದು. ಅವಳು ಕಣ್ಣು ತೆರೆದಳು. ಕುಣಿಯ ಅಂಚಿನಲ್ಲಿ ಕಾಣುತ್ತಿದ್ದ ಗಂಡನ ಎರಡು ಪಾದಗಳು ಮೆಲ್ಲಗೆ ಹಿಂದಕ್ಕೆ ಸರಿದು ಮರೆಯಾದವು.